ಅಂಕಣದ ತುಂಬ ಹರಡಿದ ಕಾಫಿ

ಕೊಟ್ಟಿಗೆಹಾರ
24 ಜನವರಿ 2026

ಪ್ರೀತಿಯ ಶಿಲ್ಪಾ,

ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ಹರಿಯುವುದಾದರೂ ಓದಿ ಹರಿ. ಕಳೆದ ಭಾನುವಾರದಿಂದ ನಿನಗೆ ಫೋನ್ ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. ಮೆಸೇಜು ಹಾಕಿದರೆ ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ನಿನ್ನ ಸಿಟ್ಟು ನನಗೆ ಹೊಸದಲ್ಲ. ನಾವಿಬ್ಬರೂ ಆಡುತ್ತಿದ್ದ ಕಾಲದಲ್ಲಿ ನಿನ್ನ ಮೊಣಕೈ ಎಷ್ಟು ಸಲ ನನ್ನ ಪಕ್ಕೆಗೆ ಬಿದ್ದಿದೆಯೆಂದು ಆ ಪಕ್ಕೆಗೇ ಗೊತ್ತು. ಆದರೆ ನೀನು ಸಿಟ್ಟು ಬಂದರೆ ಬೈಯುವವಳು, ಬೈದು ಮುಗಿಸಿ ನಗುವವಳು. ಹೀಗೆ ಸುಮ್ಮನಿರುವುದು ನಿನ್ನ ಅಭ್ಯಾಸವಲ್ಲ. ಅದನ್ನು ತಡೆಯಲಾಗದೆ ಕಾಗದ ಹಿಡಿದು ಕೂತಿದ್ದೇನೆ. ಸೋಮವಾರ ಬೆಳಗಿನ ಕಳಸದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನೀನು ನಿಮ್ಮ ಕಾಲೇಜಿನ ಹುಡುಗಿಯರನ್ನು ಜೀಪಿನಲ್ಲಿ ಹತ್ತಿಸಿಕೊಂಡು, ಈ ವಯಸ್ಸಿನಲ್ಲಿ ನಿಮ್ಮ ತಂದೆಯವರನ್ನೂ ಕೂರಿಸಿಕೊಂಡು, ಬಾಳೂರಿನ ತಿರುವುಗಳನ್ನೆಲ್ಲ ಸುತ್ತಿ ನಮ್ಮ ಕಾಲೇಜಿಗೆ ಬ್ಯಾಸ್ಕೆಟ್‌ಬಾಲ್ ಆಡಲು ಬಂದೆ. ಬಂದು ನೋಡಿದರೆ ಅಂಕಣದ ತುಂಬ ಕಾಫಿ ಒಣಹಾಕಿತ್ತು. ಎದುರು ಆಡುವ ತಂಡವಿರಲಿಲ್ಲ. ಕುಡಿಯಲು ನೀರು ಕೊಡುವವರೂ ಇರಲಿಲ್ಲ. ನೀನು ಅಲ್ಲಿಂದಲೇ ಫೋನ್ ಮಾಡಿದಾಗ ನಾನು, ನೆಂಟರ ನಾಮಕರಣಕ್ಕೆಂದು ಚಿಕ್ಕಮಗಳೂರಿಗೆ ಬಂದಿದ್ದೇನೆ, ಪಂದ್ಯದ ದಿನ ಮರೆತೇಹೋಯಿತು ಅಂದೆ. ಕಾಫಿ ಯಾರದು ಎಂದು ಕೇಳಿದೆ ನೀನು. ಪಕ್ಕದ ಎಸ್ಟೇಟಿನವರದು, ಕಾಲೇಜು ಕಮಿಟಿಯವರು ಒಪ್ಪಿಗೆ ಕೊಟ್ಟುಬಿಟ್ಟಿದ್ದಾರೆ, ನನ್ನ ಕೈಯಲ್ಲಿ ಏನೂ ಇಲ್ಲ ಅಂದೆ. ನೀನು ಆಯ್ತು ಎಂದಷ್ಟೇ ಹೇಳಿ ಇಟ್ಟೆ.

ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಹೇಳುವುದಕ್ಕೇ ಈ ಪತ್ರ. ಆದರೆ ನೇರವಾಗಿ ಅಲ್ಲಿಗೆ ಹೋಗಲು ಪೆನ್ನು ಹಿಂದೆಗೆಯುತ್ತಿದೆ. ಸ್ವಲ್ಪ ಸುತ್ತಿ ಬರುತ್ತೇನೆ, ಸಹಿಸಿಕೋ.

ಎಲ್ಲವನ್ನೂ ವಿಶ್ವವಿದ್ಯಾಲಯದವರ ತಲೆಗೆ ಕಟ್ಟಿಬಿಡೋಣ ಎಂದು ಎಷ್ಟೋ ಸಲ ಅನಿಸಿದೆ. ಮೂರು ವರ್ಷದ ಹಿಂದೆ ಯಾವುದೋ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಕ್ರೀಡಾ ವಲಯಗಳನ್ನು ಹೊಸದಾಗಿ ಹಂಚಿದರು. ನಿಮ್ಮನ್ನು ಕೊಪ್ಪ, ಶೃಂಗೇರಿಯ ಜೊತೆ ಸೇರಿಸಿದರು. ನಮ್ಮನ್ನು ಕಡೂರು, ತರೀಕೆರೆಯ ಜೊತೆ ಹಾಕಿದರು. ಅಲ್ಲಿಯವರೆಗೆ ನಮ್ಮ ವಲಯದ ಫೈನಲ್ ಎಂದರೆ ಕಳಸ, ಕೊಟ್ಟಿಗೆಹಾರ ಎರಡೇ. ಬೇರೆ ಯಾರಾದರೂ ಬಂದರೆ ನಮ್ಮಿಬ್ಬರಿಗೂ ಅವಮಾನ. ಗೆದ್ದವರು ಮುಂದಿನ ಸುತ್ತಿಗೆ ಹೋಗಿ ಮೊದಲ ಪಂದ್ಯದಲ್ಲೇ ಸೋತು ಬರುತ್ತಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ನಮಗೆ ಬೇಕಾಗಿದ್ದದ್ದು ನಿಮ್ಮನ್ನು ಸೋಲಿಸುವುದು, ಅಷ್ಟೇ.

ನಿನಗೆ ನೆನಪಿದೆಯಲ್ಲ, ಸೋತವರು ಬಡಿಸಬೇಕು ಎಂಬ ನಮ್ಮ ಕಟ್ಟಳೆ. ಯಾರು ಶುರು ಮಾಡಿದರೋ ಗೊತ್ತಿಲ್ಲ, ನಾವು ಸೇರುವಾಗಲೇ ಇತ್ತು. ಪಂದ್ಯ ಮುಗಿದ ಮೇಲೆ ಗೆದ್ದ ತಂಡ ಪಂಕ್ತಿಯಲ್ಲಿ ಕೂರಬೇಕು, ಸೋತ ತಂಡ ಬೆವರಿನ ಬಟ್ಟೆಯಲ್ಲೇ ಬಡಿಸಬೇಕು, ಆಮೇಲೆ ಎರಡನೇ ಪಂಕ್ತಿಯಲ್ಲಿ ಉಣ್ಣಬೇಕು. ಕಡೆಯ ವರ್ಷ ನಿನ್ನ ಎಲೆಗೆ ನಾನು ಕಡುಬು ಹಾಕುತ್ತಿದ್ದಾಗ ನೀನು ತಲೆಯೆತ್ತಿ, "ಇನ್ನೊಂದ್ ಹಾಕೇ ಮಾರಾಯ್ತಿ, ಸೋತ ಸಿಟ್ಟು ಕಡುಬಿನ ಮೇಲೆ ಯಾಕೆ?" ಅಂದೆ. ಅವತ್ತು ನಿನ್ನನ್ನು ಕೊಲ್ಲಬೇಕು ಅನಿಸಿತ್ತು. ಆಮೇಲೆ ಎರಡನೇ ಪಂಕ್ತಿಗೆ ನೀನೇ ಎದ್ದು ಬಂದು ನನ್ನ ಎಲೆಗೆ ತುಪ್ಪ ಹಾಕಿದೆ. ನಾವು ಗೆಳತಿಯರಾದದ್ದು ಆ ತುಪ್ಪದಿಂದಲೇ ಇರಬೇಕು. ಇಬ್ಬರೂ ಓದಿದ ಕಾಲೇಜಿನಲ್ಲೇ ಪಿ.ಟಿ. ಮೇಡಂ ಆಗಿ, ನಮ್ಮ ನಮ್ಮ ಹುಡುಗಿಯರಿಗೆ ಎದುರಾಳಿಯನ್ನು ಹೇಗೆ ಬೈಯಬೇಕೆಂದು ಕಲಿಸುತ್ತ, ರಾತ್ರಿ ಫೋನಿನಲ್ಲಿ ಒಬ್ಬರನ್ನೊಬ್ಬರು ಹಂಗಿಸುತ್ತ ಇಷ್ಟು ವರ್ಷ ಕಳೆದೆವು.

ವಲಯ ಬದಲಾದಾಗ ನೀನು, ಅವರು ಆಡಿಸದಿದ್ದರೆ ನಾವೇ ಆಡಿಸೋಣ, ಸಂಕ್ರಾಂತಿ ಕಳೆದ ಭಾನುವಾರ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಅಂದೆ. ಮೊದಲ ಸಲ ಇಲ್ಲಿ ಆಡಿದಾಗ ಜನ ಗೋಡೆ ಹತ್ತಿ ಕೂತಿದ್ದರು. ಎರಡನೇ ವರ್ಷ ನಾವು ಕಳಸಕ್ಕೆ ಬಂದಾಗ ಜೋರು ಸದ್ದು ಮಾಡಿದವರು ನಿಮ್ಮ ತಂದೆ ಏಕಾಂತಪ್ಪನವರು ಒಬ್ಬರೇ. ಅಂಗಡಿಗೆ ಬೀಗ ಹಾಕಿ, ಮನೆಯ ಜಾಗಟೆ ತಂದು, ನಿಮ್ಮವರು ಒಂದು ಬುಟ್ಟಿ ಹಾಕಿದರೆ ಒಂದು ಪೆಟ್ಟು. ಮಿಕ್ಕವರು ಮೊಬೈಲು ನೋಡುತ್ತಿದ್ದರು. ನಾವಿಬ್ಬರೂ ಅದನ್ನು ಕಂಡೆವು. ಕಂಡರೂ ಮಾತಾಡಲಿಲ್ಲ.

ಕಡೂರಿಗೆ ಹೋಗಿ ಆಡುವುದೆಂದರೆ ಏನೆಂದು ನಿನಗೆ ಹೇಳಿಲ್ಲ. ಅವರು ನಮ್ಮನ್ನು ಚಿಂದಿ ಮಾಡಿದರು. ಆಮೇಲೆ ಬಂದು ಕೈಕುಲುಕಿ, ಚೆನ್ನಾಗಿ ಆಡಿದಿರಿ ಎಂದು ಹೇಳಿ, ನಮ್ಮ ಹುಡುಗಿಯರಿಗೆಲ್ಲ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ಪಾಪ, ಒಳ್ಳೆಯ ಜನ. ನಾವು ಕೆಟ್ಟದಾಗಿ ಆಡಿದ್ದೆವು ಶಿಲ್ಪಾ, ಕಣ್ಣಿದ್ದವರಿಗೆ ಕಾಣುವಷ್ಟು ಕೆಟ್ಟದಾಗಿ. ನೀನಾಗಿದ್ದರೆ ಒಂದು ವರ್ಷ ಅದನ್ನೇ ಎತ್ತಿ ಆಡುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ಅವರ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಹುಡುಗಿಯರು ಬಿಸ್ಕತ್ತು ತಿಂದು ನಿದ್ದೆ ಮಾಡಿದರು.

ಈಗ ವಿಷಯಕ್ಕೆ ಬರುತ್ತೇನೆ. ಡಿಸೆಂಬರಿನಲ್ಲಿ ನಮ್ಮ ತಂಡದ ನಾಯಕಿ ಮೋನಿಕಾಳನ್ನು ಕರೆದು, ಕಳಸದವರು ಬರುತ್ತಾರೆ, ತಯಾರಾಗಿ ಅಂದೆ. ಅವಳು ಒಳ್ಳೆಯ ಹುಡುಗಿ, ವಿನಯದಿಂದಲೇ ಕೇಳಿದಳು: "ಮೇಡಂ, ಅದುಕ್ಕೆ ಸರ್ಟಿಫಿಕೇಟ್ ಕೊಡ್ತಾರಾ?" ಇಲ್ಲ ಅಂದೆ. ಹಾಜರಾತಿಯೂ ಇಲ್ಲ, ಅಂಕವೂ ಇಲ್ಲ, ಕಳಸದವರನ್ನು ಕಂಡರೆ ನಮಗಾಗದು, ಅದಕ್ಕೇ ಆಡುವುದು ಅಂದೆ. ಅವಳು, "ಅವ್ರನ್ನ ಕಂಡ್ರೆ ನಮಗ್ಯಾಕೆ ಆಗಲ್ಲ ಮೇಡಂ? ಅವ್ರು ನಮಗೇನ್ ಮಾಡಿದಾರೆ?" ಎಂದು ಕೇಳಿದಳು. ನಿನ್ನ ಮೊಣಕೈಯ ಕಥೆ ಅವಳಿಗೆ ಹೇಳಿ ಏನು ಪ್ರಯೋಜನ? ಭಾನುವಾರ ಬರುತ್ತೇವೆ ಎಂದು ಒಪ್ಪಿದವರು ಮೂರು ಜನ. ಅದರಲ್ಲಿ ಒಬ್ಬಳು ಆಮೇಲೆ ಅಜ್ಜಿಮನೆಗೆ ಹೋದಳು.

ಹಾಗಾಗಿ ನಾನು ಮರೆತಿರಲಿಲ್ಲ. ಫೋನಿನಲ್ಲಿ ಅಂದೆನೆಂದು ಮೇಲೆ ಬರೆದ ಆ ಮಾತು ಸುಳ್ಳು. ಹೊಡೆದು ಹಾಕದೆ ಹಾಗೇ ಬಿಟ್ಟಿದ್ದೇನೆ, ನಾನು ಎಷ್ಟು ಸಲೀಸಾಗಿ ಸುಳ್ಳು ಹೇಳಿದೆ ಎಂದು ನೀನೂ ನೋಡು. ಜನವರಿ ಮೊದಲ ವಾರ ನೀನು, ಬರುತ್ತಿದ್ದೇವೆ, ಎಲೆ ತೊಳೆದು ಇಟ್ಟುಕೊಳ್ಳಿ ಎಂದು ಮೆಸೇಜು ಹಾಕಿದೆಯಲ್ಲ, ಆಗ ತಂಡ ಇಲ್ಲ ಮಾರಾಯ್ತಿ ಎಂದು ಬರೆಯಲು ಕೂತೆ. ಬರೆದೆ, ಅಳಿಸಿದೆ. ಕಡೆಗೆ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಇನ್ನೂ ದಿನವಿದೆ, ನೀನೇ ಏನಾದರೂ ಕಾರಣ ಹೇಳಿ ಈ ವರ್ಷ ಬೇಡ ಅನ್ನುತ್ತೀಯ, ನಾನು ಬೇಜಾರು ಮಾಡಿಕೊಂಡವಳ ಹಾಗೆ ಆಡಿ ಒಪ್ಪಿಕೊಳ್ಳಬಹುದು ಎಂದು ಕಾದೆ. ಬೇಡ ಅನ್ನುವ ಮಾತು ನನ್ನ ಬಾಯಿಂದ ಬರಬಾರದು ಎಂಬ ಹಟ. ನೋಡು ಎಂಥ ಮಾನವಂತೆ ನಾನು.

ಇನ್ನೊಂದು. ಕಾಫಿ ಪಕ್ಕದ ಎಸ್ಟೇಟಿನದ್ದಲ್ಲ. ನಮ್ಮದು. ಈ ವರ್ಷ ಫಸಲು ಜಾಸ್ತಿ, ಮನೆಯ ಕಣ ಸಾಲಲಿಲ್ಲ. ನಮ್ಮನೆಯವರು ಒಂದು ಬೆಳಗ್ಗೆ ಕಾಫಿ ಕುಡಿಯುತ್ತ, "ಹೆಂಗೂ ನಿಮ್ ಕೋರ್ಟ್ ಖಾಲಿ ಬಿದ್ದಿರ್ತದಲ್ಲ, ಸಿಮೆಂಟ್ ನೆಲ, ಬಿಸಿಲೂ ಚೆನ್ನಾಗಿ ಬೀಳ್ತದೆ, ಕಮಿಟಿಯವ್ರನ್ನ ನಾನೇ ಕೇಳ್ತೀನಿ" ಅಂದರು. ಖಾಲಿ ಬಿದ್ದಿರುತ್ತದೆ ಎಂಬ ಮಾತು ಚುಚ್ಚಿತು. ಆದರೆ ಅದು ನಿಜವಾಗಿತ್ತು. ಭಾನುವಾರ ಪಂದ್ಯವಿದೆ ಎಂದು ಹೇಳುವ ಬದಲು, ಆಯ್ತು ಕೇಳಿ ಅಂದೆ. ಅಂಕಣದಲ್ಲಿ ಕಾಫಿ ಇದ್ದರೆ ಆಡಲಾಗದ್ದಕ್ಕೆ ಒಂದು ನೆಪವಾಗುತ್ತದೆ ಎಂದು ಒಳಗೊಳಗೆ ಅನಿಸಿತ್ತು.

ಆ ಭಾನುವಾರ ನೀವಿದ್ದಾಗ ಬಂದ ಮಳೆಯ ಸುದ್ದಿಯನ್ನು ಕಾಲೇಜಿನ ಕಾವಲಿನ ಗುರುವಯ್ಯ ಹೇಳಿದ. ಜನವರಿಯಲ್ಲಿ ಮಳೆ ಬರುತ್ತದೆಂದು ಯಾರು ಕಂಡಿದ್ದರು? ಆಳುಗಳೆಲ್ಲ ಭಾನುವಾರದ ರಜೆಯಲ್ಲಿ ಸಂತೆಗೆ ಹೋಗಿದ್ದರು. ನಮ್ಮನೆಯವರು ಮೂಡಿಗೆರೆಯಲ್ಲಿದ್ದರು. ಚಾರ್ಮಾಡಿ ಕಡೆಯಿಂದ ಮೋಡ ಕವಿದು ಹನಿ ಬೀಳತೊಡಗಿದಾಗ, ಜೀಪು ಹತ್ತಲು ಹೊರಟಿದ್ದ ನೀನು ತಿರುಗಿ ಬಂದು ಹುಡುಗಿಯರನ್ನು ಕೂಗಿದೆಯಂತೆ. ಒಗೆದು ಇಸ್ತ್ರಿ ಮಾಡಿದ ಆಟದ ಬಟ್ಟೆಯಲ್ಲಿ ಆ ಮಕ್ಕಳು ಕಾಫಿಯನ್ನು ಎಳೆದು ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಇಟ್ಟು ಹೋದರಂತೆ. ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ, ಒಂದು ಸಲ ನೆಂದರೆ ವರ್ಷದ ದುಡಿಮೆ ವಾಸನೆ ಹಿಡಿಯುತ್ತದೆ. ಸಂಜೆ ಬಂದು ನೋಡಿದ ನಮ್ಮನೆಯವರು, ಯಾರೋ ಪುಣ್ಯಾತ್ಮರು ಅಂದರು. ಯಾರೆಂದು ನಾನು ಹೇಳಲಿಲ್ಲ. ನೀವೆಲ್ಲ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನೀರುದೋಸೆ ತಿಂದು ವಾಪಸು ಹೋದಿರೆಂದೂ ಗುರುವಯ್ಯನೇ ಹೇಳಿದ. ನಮ್ಮ ಊರಿಗೆ ಬಂದು ಕಳಸದವರು ಹೋಟೆಲಿನಲ್ಲಿ ತಿಂದು ಹೋದರು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ನನಗೆ ಒಂದೇ ಒಂದು ತಿಳಿಯಬೇಕು. ನಮ್ಮ ಈ ಪಂದ್ಯ ಇನ್ನು ಇದೆಯೋ ಇಲ್ಲವೋ? ನಿಲ್ಲಿಸುವುದಾದರೆ ನೀನೇ ಹೇಳು, ನನ್ನ ಬಾಯಲ್ಲಿ ಬರುವುದಿಲ್ಲ. ಇದೆ ಅನ್ನುವುದಾದರೆ ನಾನು ಯಾರ ಕಾಲಾದರೂ ಹಿಡಿದು ಐದು ಜನರನ್ನು ಹೊಂದಿಸಿ ಕಳಸಕ್ಕೇ ಕರೆತರುತ್ತೇನೆ. ಪಂದ್ಯ ಹೋದರೆ ಹೋಗಲಿ, ನೀನು ಮಾತು ಬಿಡಬೇಡ. ತಂದೆಯವರಿಗೆ ನನ್ನ ನಮಸ್ಕಾರ ಹೇಳು ಎಂದು ಬರೆಯಲು ಮುಖವಿಲ್ಲ, ಆದರೂ ಹೇಳು.

ನಿನ್ನ,
ರೂಪಶ್ರೀ

ಮರೆತ ಮಾತು: ಜಾಗಟೆಯ ವಿಷಯ ಗುರುವಯ್ಯ ಹೇಳಲಿಲ್ಲ. ಮಳೆಯಲ್ಲಿ ನಿಮ್ಮ ತಂದೆ ತಲೆಗೆ ಟವೆಲು ಹಾಕಿಕೊಂಡು ಜೀಪಿನಿಂದ ಇಳಿದು, ಹುಡುಗಿಯರು ಒಂದೊಂದು ರಾಶಿ ಮುಗಿಸಿದಾಗಲೂ ಒಂದೊಂದು ಪೆಟ್ಟು ಹೊಡೆಯುತ್ತಿದ್ದರು. ಅದನ್ನು ನಾನೇ ಕೇಳಿದೆ. ನಾನು ಚಿಕ್ಕಮಗಳೂರಿಗೆ ಹೋಗಿರಲಿಲ್ಲ ಶಿಲ್ಪಾ. ಅಂಕಣದ ಮೇಲಿನ ದಿಬ್ಬದಲ್ಲಿರುವ ನಮ್ಮ ಮನೆಯಲ್ಲಿ, ಮಾಳಿಗೆಯ ಕಿಟಕಿಯ ಹಿಂದೆ ನಿಂತಿದ್ದೆ. ನನ್ನ ಕಾಫಿಯನ್ನು ನೀವು ಉಳಿಸುವುದನ್ನು ಪೂರ್ತಿ ನೋಡಿದೆ. ಇಳಿದು ಬರಲು ಕಾಲು ಬರಲಿಲ್ಲ.


ಕಳಸ
28 ಜನವರಿ 2026

ಮಹಾತಾಯಿ ರೂಪಾ,

ನಿನ್ನ ಪತ್ರ ತಲುಪಿತು. ಕಂಡಕ್ಟರ್ ಅದನ್ನು ಅಂಗಡಿಯಲ್ಲಿ ಅಪ್ಪನ ಕೈಗೇ ಕೊಟ್ಟು ಹೋದ. ಕೊಟ್ಟಿಗೆಹಾರದ ಹೆಸರು ನೋಡಿದ ಅಪ್ಪ, "ಬಂತು ನೋಡು, ತಪ್ಪೊಪ್ಪಿಗೆ ಪತ್ರ!" ಎಂದು ಅಂಗಡಿಗೆ ಬಂದವರಿಗೆಲ್ಲ ತೋರಿಸಿ ಆಮೇಲೆ ನನಗೆ ಕಳಿಸಿದರು. ಒಡೆದು ಓದಲಿಲ್ಲ, ಹೆದರಬೇಡ. ಒಳಗಿದ್ದದ್ದೂ ಅದೇ ಎಂದು ಅವರಿಗೇನು ಗೊತ್ತು.

ನೀನು ಮನೆಯಲ್ಲೇ ಇದ್ದೆ ಎಂದು ನನಗೆ ಆಗಲೇ ತಿಳಿದಿತ್ತು. ಫೋನಿನಲ್ಲಿ ನೀನು ನಾಮಕರಣದ ಕಥೆ ಹೇಳುತ್ತಿದ್ದಾಗ ನಮ್ಮ ಜೀಪಿನ ಡ್ರೈವರ್ ಹಾರನ್ ಹೊಡೆದ. ಒಂದು ಕಿವಿಗೆ ಜೀಪಿನಿಂದ ಕೇಳಿಸಿತು, ಇನ್ನೊಂದಕ್ಕೆ ನಿನ್ನ ಚಿಕ್ಕಮಗಳೂರಿನಿಂದ. ಸುಳ್ಳು ಹೇಳುವುದಾದರೆ ಕಿಟಕಿಯನ್ನಾದರೂ ಮುಚ್ಚಿಕೊಳ್ಳಬೇಕಲ್ಲ, ಪೆದ್ದಿ. ಆಡುವಾಗಲೂ ನೀನು ಹಾಗೇ. ಚೆಂಡನ್ನು ಎಡಕ್ಕೆ ಕೊಡುತ್ತೀಯೆಂದು ನಿನ್ನ ಕಣ್ಣು ಮೊದಲೇ ಹೇಳಿಬಿಡುತ್ತಿತ್ತು.

ಕಾಫಿ ನಿಮ್ಮದೆಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಿದ್ದರೂ ಎಳೆಯುತ್ತಿದ್ದೆವು. ಬೆಳೆದು ಒಣಹಾಕಿದ್ದು ಕಣ್ಣೆದುರಿಗೇ ನೆನೆಯುತ್ತಿದ್ದರೆ ಯಾರದೆಂದು ಕೇಳಿಕೊಂಡು ನಿಲ್ಲುವುದಕ್ಕಾಗುತ್ತದೆಯೇ? ನಿನ್ನ ಯಜಮಾನರಿಗೆ ಹೇಳು, ಆ ಟಾರ್ಪಾಲಿನಲ್ಲಿ ತೂತುಗಳಿವೆ, ಹೊಸದು ತರಲಿ.

ಅಪ್ಪನ ವಿಷಯಕ್ಕೆ ನೀನು ಹೆಚ್ಚು ಕೊರಗಬೇಡ. ಅವರಷ್ಟು ಸಂತೋಷದಿಂದ ಆ ದಿನ ಯಾರೂ ಮನೆಗೆ ಬರಲಿಲ್ಲ. "ನಮ್ಮೋರು ಬರ್ತಾರೆ ಅಂತ ಹೆದ್ರಿ ಕೋರ್ಟ್ ತುಂಬ ಕಾಫಿ ಹರಡ್ಯಾರೆ. ಆಡಿದ್ರೆ ಮಾನ ಹೋಗ್ತಿತ್ತು ಅವ್ರದ್ದು" ಎಂದು ಈಗಲೂ ಅಂಗಡಿಯಲ್ಲಿ ಹೇಳುತ್ತಿದ್ದಾರೆ. ಅಂಕಣಕ್ಕೆ ಇಳಿಯದವರು ಸೋತ ಹಾಗೆಯೇ ಲೆಕ್ಕವಂತೆ. ಅವರ ಪಾಲಿಗೆ ನಾವು ಗೆದ್ದೆವು. ಬುಟ್ಟಿಗೊಂದು ಪೆಟ್ಟು ಹೊಡೆಯುವವರು ರಾಶಿಗೊಂದು ಹೊಡೆದರು, ಅಷ್ಟೇ ವ್ಯತ್ಯಾಸ. ನಾನು ತಿದ್ದಲು ಹೋಗಲಿಲ್ಲ. ನೀನೂ ತಿದ್ದಬೇಡ.

ಬರುವ ಭಾನುವಾರ ಕಳಸಕ್ಕೆ ಬಾ. ಅಮ್ಮ ಕಡುಬು ಮಾಡುತ್ತಾರೆ. ಅಪ್ಪನ ಎಲೆಗೆ ನೀನೇ ಬಡಿಸಬೇಕು, ಎರಡನೇ ಪಂಕ್ತಿಯಲ್ಲಿ ಕೂರಬೇಕು. ಅವರು ಏನು ಅಂದರೂ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ಅದು ನಿನಗೆ ಶಿಕ್ಷೆ. ತುಪ್ಪ ನಾನು ಹಾಕುತ್ತೇನೆ.

ಶಿಲ್ಪಾ

ಇನ್ನೊಂದು ಮಾತು: ಮುಗಿಸಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ನಾನು ಫೋನ್ ಎತ್ತದಿದ್ದದ್ದು ಸಿಟ್ಟಿನಿಂದಲ್ಲ. ನೀನು ಅಷ್ಟೊಂದು ಕ್ಷಮೆ ಕೇಳುತ್ತೀಯೆಂದು ಗೊತ್ತಿತ್ತು, ಅದನ್ನು ಕೇಳಿಸಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಅವತ್ತು ಜೀಪಿನಲ್ಲಿ ಬಂದವರಲ್ಲಿ ಚೆಂಡು ಹಿಡಿಯಲು ಬರುತ್ತಿದ್ದದ್ದು ಇಬ್ಬರಿಗೆ ಮಾತ್ರ. ಉಳಿದವರು ಕಾಮರ್ಸ್ ತರಗತಿಯ ಹುಡುಗಿಯರು. ಕೊಟ್ಟಿಗೆಹಾರದಲ್ಲಿ ಒಳ್ಳೆಯ ಊಟ ಸಿಗುತ್ತದೆ, ಘಾಟಿ ನೋಡಿಕೊಂಡು ಬರೋಣ ಎಂದು ಆಸೆ ಹುಟ್ಟಿಸಿ, ಹಳೆಯ ಜೆರ್ಸಿ ತೊಡಿಸಿ ಕರೆತಂದಿದ್ದೆ. ನಮ್ಮಲ್ಲೂ ತಂಡ ಮುಗಿದು ವರ್ಷವಾಯಿತು ರೂಪಾ. ಅಪ್ಪನಿಗೆ ಹೇಳಲು ಧೈರ್ಯ ಸಾಲಲಿಲ್ಲ, ನಿನಗೆ ಹೇಳಲು ಮನಸ್ಸು ಬರಲಿಲ್ಲ. ನೀನೇ ಬೇಡ ಅನ್ನುತ್ತೀಯ ಎಂದು ನಾನೂ ಕಾದೆ, ನಿನ್ನಿಂದ ಹೆಬ್ಬೆರಳು ಬಂತು. ಗೇಟು ದಾಟಿ ಅಂಕಣದ ಮೇಲೆ ಕಾಫಿ ಕಂಡಾಗ ನನಗೆ ಸಿಟ್ಟು ಬರಲಿಲ್ಲ. ಸದ್ಯ, ಬದುಕಿದೆ ಅನಿಸಿತು. ಮಳೆ ಬಂದಾಗ ಮೊದಲು ಕೂಗಿದವಳು ನಾನೇ, ಅದು ಒಳ್ಳೆಯತನ ಎಂದುಕೊಳ್ಳಬೇಡ. ಅಪ್ಪ ಬಾಯಿ ಬಿಟ್ಟು, ಎದುರಾಳಿ ಇಲ್ಲದಿದ್ದರೇನು, ಕಾಫಿ ಬದಿಗೆ ಸರಿಸಿ ನಮ್ಮವರನ್ನೇ ಆಡಿಸಿ ತೋರಿಸು ಅನ್ನುವ ಮೊದಲು ನಮ್ಮ ಮಕ್ಕಳ ಕೈಗೆ ಬೇರೆ ಕೆಲಸ ಕೊಡಬೇಕಾಗಿತ್ತು. ಭಾನುವಾರ ಬರುವಾಗ ಯಾರ ಕಾಲೂ ಹಿಡಿಯಬೇಡ, ಐದು ಜನರನ್ನು ಹೊಂದಿಸಬೇಡ. ನೀನೊಬ್ಬಳೇ ಬಾ. ಇಲ್ಲಿಯೂ ನಾನೊಬ್ಬಳೇ.